ರಾಣಿ ಬಣ್ಣ

ಏಳು ಬಾವಿ, ಏಳು ಸೀಸಿ.
ಪಂಚಾಯ್ತಿ ಕೊಟ್ಟ ನೀಲಿ ಡಬ್ಬಿ ಉಡಿಯಾಗ ಇಟ್ಕೊಂಡು
ಮಠದ ಕಟ್ಟಿ ಮ್ಯಾಲ ಕುಂತೀನಿ.
ಒಂದು ಚಿಟಿಕಿ ಪುಡಿ, ಐದು ನಿಮಿಷ,
ಆಮ್ಯಾಲ ಬಣ್ಣದ ಚೀಟಿ ಪಕ್ಕಕ್ಕ ಹಿಡಿದು ನೋಡೋದು.

ಆರು ಸೀಸಿ ಸುಮ್ಮನ ಕುಂತವು,
ನೀರಿನ ಬಣ್ಣ ನೀರಿನಂಗೇ.
ಏಳನೇದು ಮೆಲ್ಲಕ ನಾಚಿತು,
ಆಮ್ಯಾಲ ನಾಚಿಕಿ ಬಿಟ್ಟು
ಬೀದರ ಪ್ಯಾಟ್ಯಾಗಿನ ಸೀರಿ ಅಂಗಡಿಯವ
'ರಾಣಿ ಕಲರ್ ನೋಡ್ರಿ ಬಾಯಿ' ಅಂತ ಹಾಸ್ತಾನಲ್ಲ,
ಅದೇ ಬಣ್ಣ.

ಅದು ನಮ್ಮ ಬಾವಿ.

ನಮ್ಮ ಕಡಿ ನೆಲ ಗೊತ್ತಲ್ಲ:
ಮ್ಯಾಲ ಕೆಂಪುಕಲ್ಲು, ಜರಡಿಯಂಥಾದ್ದು,
ಕೆಳಗ ಕರಿಕಲ್ಲು, ಯಾರ ಮಾತೂ ಕೇಳದಂಥಾದ್ದು.
ನಡುವಿನ ಸಂದಿಗುಂಟ ನೀರು ನಡೀತದ
ಕತ್ತಲದಾಗ, ಚಪ್ಪಲಿ ಕೈಯಾಗ ಹಿಡದವರ ಹಂಗ.
ಮ್ಯಾಲಿಂದ ಏನು ಕೊಟ್ಟರೂ ಒಲ್ಲೆ ಅನ್ನಲ್ಲ:
ಹದಿನಾಲ್ಕು ಎಮ್ಮಿ ಉಚ್ಚಿ,
ಮೂರು ತಲಿಮಾರಿನ ತಿಪ್ಪಿ,
ಮಳಿ ಮುಂದ ನನ್ನ ಗಂಡ ಹಸಿಶುಂಠಿ ಮಡಿಗೆ ಉಗ್ಗಿದ ಯೂರಿಯಾ,
ಮೂರು ಚೀಲ ಸಾಕಂದಲ್ಲಿ ಐದು,
ಪಕ್ಕದ ಹೊಲದವ ನಾಲ್ಕು ಹಾಕ್ಯಾನಂತ.

ಅತ್ತಿ ಸೀಸಿ ಬಿಸಿಲಿಗೆ ಹಿಡದು ಅಂದಳು,
'ಛಲೋ ಅದ ಬಣ್ಣ.
ಕಾಸಿ ಕುಡದ್ರ ಹೋಗ್ತದ ತಗಿ.'
ಕಾಸಿದ್ರ ನೀರು ಹೋಗ್ತದ ಅತ್ತಿ,
ಅದು ಉಳೀತದ.
'ತಿಪ್ಪಿ ಅಲ್ಲಿಂದ ತಗೀಬೇಕು' ಅಂದೆ,
ಅಂದು ನಾಲಿಗಿ ಕಚ್ಚಿಕೊಂಡೆ.

ಅತ್ತಿ ಹೆಸರು ತಿಪ್ಪಮ್ಮ.
ಆಕಿಗಿಂತ ಮುಂಚೆ ಹುಟ್ಟಿದ ಮೂರು ಕೂಸು
ತೊಟ್ಟಿಲದಾಗೇ ಹೋಗಿದ್ದವು.
ನಾಲ್ಕನೇದನ್ನ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ತಂದು ಹೆಸರಿಟ್ಟರು,
ಕಸ ಅಂತ ತಿಳಿದು ಸಾವು ಬಿಟ್ಟು ಹೋಗ್ಲಿ ಅಂತ.
ಬಿಟ್ಟು ಹೋಗ್ಯಾದ, ಎಪ್ಪತ್ತೊಂದು ವರ್ಷ.
ಅದು ಬೇರೆ ಊರು, ಬೇರೆ ತಿಪ್ಪಿ, ಖರೆ;
ಆದ್ರ ಎಲ್ಲಾ ತಿಪ್ಪಿನೂ ಆಕಿಗೆ ತವರು.
ದೀಪಾವಳಿಗೆ ಹೆಂಡಿ ಪಾಂಡವರನ್ನ ಮೊದಲ ಅದರ ಮ್ಯಾಲ ಇಡ್ತಾಳ,
ಚೆಂಡು ಹೂವು ಸಿಗಿಸಿ.
'ನನ್ನ ಉಳಿಸಿದ್ದು ಯಾರನ್ನ ಕೊಲ್ತದ?'

ನಾ ಏನೂ ಅನ್ನಲಿಲ್ಲ.
ಬಾವಿ ದಂಡಿಗೆ ನಸೀಮ್‌ಬಿ ಬಿಂದಿಗಿ ತುಂಬತಿದ್ದಳು.
ಆಕಿ ಮೊಮ್ಮಗ ಎರಡು ತಿಂಗಳದ್ದು,
ಎದಿ ಹಾಲು ಸಾಲದಕ್ಕ ಪುಡಿ ಹಾಲು,
ಪುಡಿಗೆ ನಮ್ಮ ನೀರು.
ಅತ್ತಿ ಆ ಕಡಿ ನೋಡಿದಳು.
ಭಾಳ ಹೊತ್ತು.

ರಿಜಿಸ್ಟರದಾಗ 'ಬಾವಿ ಮಾಲೀಕರು' ಅಂತ ಒಂದು ಕಾಲಂ ಅದ.
ಪೆನ್ನು ನಿಂತಿತು, ಸುಳ್ಳು ಯಾಕ ಹೇಳ್ಲಿ.
ಆಮ್ಯಾಲ ಬರದೆ.

ಮೊದಲನೇ ಬುಟ್ಟಿ ಆಕಿನೇ ಎತ್ತಿದಳು,
ನಸುಕಿನಾಗ, ಯಾರಿಗೂ ಹೇಳದ.
ಇಪ್ಪತ್ತಾರು ಬಂಡಿ ಆಯ್ತು.
ಹೊಸ ಗುಂಡಿಗೆ ಸಿಮೆಂಟಿನ ತಳ, ಮ್ಯಾಲ ತಗಡು.
ಗಂಡ ಇನ್ನೂ ಗೊಣಗತಾನ,
ಹಳ್ಳದ ದಂಡಿಗೆ ಎಂಟು ಹೆಜ್ಜಿ ಹುಲ್ಲಿಗೆ ಬಿಟ್ಟಿದ್ದಕ್ಕ,
ಯೂರಿಯಾ ಕಂತು ಕಂತಾಗಿ ಹಾಕೋದಕ್ಕ.
ನಸೀಮ್‌ಬಿ ಬಿಂದಿಗಿ ಈಗ ಮಠದ ಬಾವಿಗೆ ಹೋಗ್ತದ.

ಕೆಂಪುಕಲ್ಲು ಲಗೂ ಮರೆಯಲ್ಲ.
ಎರಡು ಮಳಿಗಾಲ ಆದ್ರೂ ಏಳನೇ ಸೀಸಿ ತಿಳಿಯಾಗಿಲ್ಲ,
ಒಗದು ಒಗದು ಉಟ್ಟ ಸೀರಿಯಂಗ ಆಗ್ಯಾದ ಬಣ್ಣ.
ತಿಂಗಳಿಗೊಮ್ಮೆ ನಾ ಡಬ್ಬಿ ತೆಗದಾಗ
ಅತ್ತಿ ಬಂದು ಪಕ್ಕಕ್ಕ ಕೂಡ್ತಾಳ.
ಕಣ್ಣು ಸರಿ ಕಾಣಲ್ಲ ಆಕಿಗೆ.
ಕೇಳ್ತಾಳ:
'ಇನ್ನಾ ನಾಚ್ತದೇನ?'