ಕೊಕ್ಕು

ಪುಣೆಯವರು ನಕಾಶೆ ಹಾಸಿದರು
ಕಿನ್ನಾಳದ ನಮ್ಮ ಪಡಸಾಲೆಯಲ್ಲಿ,
ಹುಣಸೆಬೀಜದ ಅಂಟಿನ ಗಡಿಗೆ ಅತ್ತ ಸರಿಸಿ.
ಹೆಸರಿನ್ನೂ ಇಟ್ಟಿಲ್ಲ, ಕೋಟಿಗೂ ಮೇಲಿನ ಕಾರು;
ನಾಲ್ಕೂ ಬಾಗಿಲ ಒಳಮೈ ನಿಮ್ಮ ಕೈಯದು,
ಕೂತವರ ತೋಳು ಒರಗುವಲ್ಲಿ ಒಂದೊಂದು ಗಿಣಿ.

"ಮೊಣಕೈಗೆ ಚುಚ್ಚತೈತ್ರೀ ಕೊಕ್ಕು"
ಅಂದರು ಮಾವ ಈಶಪ್ಪ.
ಪುಣೆಯವರು ನಕ್ಕರು.

ಆರು ತಿಂಗಳು. ರೆಕ್ಕೆಗೆ ಹಸಿರು ನಾನು ತುಂಬಿದೆ,
ಕಣ್ಣು ಮಾತ್ರ ಮಾವನವರದು.
ಐದು ಮಾಡಿ ನಾಲ್ಕು ಕಳಿಸಿದೆವು.

ದಿಲ್ಲಿಯಲ್ಲಿ ಅದು
ದೀಪಗಳ ಕೆಳಗೆ ನಿಂತಲ್ಲೇ ತಿರುಗುತ್ತಿತ್ತಂತೆ,
ಹಗ್ಗದಾಚೆ ಜನವೋ ಜನ.
ನೋಡಿ ಬಂದ ಮೈದುನ ಪರಸಪ್ಪ
ಚಪ್ಪಲಿ ಬಿಡುವ ಮೊದಲೇ ಹೇಳಿದ:
ಎಂಜಿನ್ನೇ ಇಲ್ಲ ಅದಕ್ಕೆ,
ರಾತ್ರಿ ನಾಲ್ಕು ಮಂದಿ ತಳ್ಳಿ ತಂದು ನಿಲ್ಲಿಸಿದ್ದು.

ಮಾವ ಅರದ ಮೇಲಿನ ಪುಡಿ ಊದಿದರು.
"ಹಂಗಾದ್ರ ಅದೂ ಗೊಂಬೀನ"
ಅಂದರು, ಯಾಕೋ ಖುಷಿಯಾಗಿ.

ಕಾರು ಬರಲಿಲ್ಲ.
ಲೆಕ್ಕ ಕೂಡಲಿಲ್ಲವೆಂದು
ಎರಡು ಸಾಲಿನ ಕಾಗದ ಬಂತು.

ಉಳಿದ ಐದನೆಯದು
ಬಣ್ಣದ ಡಬ್ಬಿಗಳ ಗೂಡಿಗೆ ಈಗ ಕದ.
ಎರಡೂ ಕೈಗೆ ಅಂಟು ಮೆತ್ತಿರುವಾಗ
ಮೊಣಕೈಯಿಂದಲೇ ಸರಿಸುತ್ತೇನೆ.

ಖರೆ. ಚುಚ್ಚುತ್ತದೆ.