ಕಿಂಡಿಯಾದ ಕಿಂಡಿಯಲ್ಲಿ

ಫ್ರೆಂಚರು ಹೋಗುವಾಗ ತಕ್ಕಡಿ ಬಿಟ್ಟು
ಬೊಟ್ಟುಗಳನ್ನು ಮಾತ್ರ ಒಯ್ದರು.
ಗೋಡೆಯ ಫೋನು ಕಿತ್ತ ಜಾಗದಲ್ಲಿ
ಎರಡು ತೂತು, ಸುತ್ತ ಉದುರಿದ ಸುಣ್ಣ;
ಮೂಗಿಲ್ಲದ ಮುಖದ ಹಾಗೆ
ನಮ್ಮನ್ನೇ ನೋಡುತ್ತಿತ್ತು.

'ಬೇಡ' ಅಂದಿದ್ದೆವಲ್ಲ, ಒಂದೇ ಮಾತು,
ಮಾವಿನ ಮರದ ಕೆಳಗೆ ಸಾಲು ನಿಂತು.
ಬೇಡ ಅಂದವರಿಗೆ ಬೆಳಕು ಯಾಕೆ ಅಂತ
ಬಲ್ಬನ್ನೂ ಬಿಚ್ಚಿಕೊಂಡರು.

ನಾನು, ಕೆರ್ಫಾಲ ಸೂಮಾ, ಮೂರನೇ ದರ್ಜೆ ಗುಮಾಸ್ತ,
ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ
ಪೋಸ್ಟ್‌ಮಾಸ್ತರ.
ಕೀಲಿಕೈ ಕೊಡುವವರು ಹಡಗು ಹತ್ತಿದ್ದರು.
ಬೀಗ ಒಡೆದೇ ಅಧಿಕಾರ ವಹಿಸಿಕೊಂಡೆ.

ಮೊಹರು ಕೈಗೆತ್ತಿಕೊಂಡರೆ
ಅದರ ತುಂಬ ಇನ್ನೂ ಹಳೆ ಯಜಮಾನರ ಹೆಸರು.
ಗಿನಿ ಅಂತ ಬರೆದ ಹೊಸದು ಬರುತ್ತದಂತೆ ರಾಜಧಾನಿಯಿಂದ.
ಯಾವಾಗ?
ಬರುತ್ತದಂತೆ.
ರೈಲು ಷೆಡ್ಡಿನಿಂದ ಒಂದು ಅರ ಕಡ ತಂದು
ಹಿತ್ತಾಳೆಯ ಒಂದೊಂದೇ ಅಕ್ಷರ ಉಜ್ಜಿದೆ.
ದೊಡ್ಡ ಹೆಸರು ತೆಗೆಯುವಾಗ ಕೈ ಜಾರಿ
ನಮ್ಮೂರ ಹೆಸರಿನ ಬಾಲವೂ ಚೂರು ಸವೆಯಿತು.
ಸವೆಯಲಿ ಅಂದೆ. ನಮ್ಮೂರು ಯಾವುದೆಂದು
ನಮಗೆ ಗೊತ್ತಿಲ್ಲವೆ.

ಬೊಟ್ಟಿನ ಬದಲು ಕೋಲಾ ಬೀಜ ಇಟ್ಟೆ.
ಸಾದಾ ಕಾಗದಕ್ಕೆ ಎರಡು, ಮದುವೆ ಕಾಗದಕ್ಕೆ ಮೂರು,
ಸುದ್ದಿ ಭಾರ ಅಂತಲ್ಲ,
ಮದುವೆಯವರು ಉದ್ದ ಬರೆಯುತ್ತಾರೆ.
ಬೀಜ ದಿನದಿನಕ್ಕೆ ಒಣಗಿ ಹಗುರಾಗುತ್ತಿತ್ತು;
ಅದೇ ಕಾಗದ ಸೋಮವಾರಕ್ಕಿಂತ ಶನಿವಾರ ತೂಕ ಹೆಚ್ಚು.
ಸಂಜೆ ಬಾಗಿಲು ಹಾಕಿ
ಮೇಷ್ಟ್ರು ಸಾಲಿಯು ಬಾಲ್ಡೆ ಮತ್ತು ನಾನು
ಆ ತೂಕವನ್ನೇ ಒಡೆದು ಹಂಚಿಕೊಂಡು ಅಗಿಯುತ್ತಿದ್ದೆವು.
ತಿನ್ನಬಹುದಾದ ಬೊಟ್ಟು
ಲೋಕದ ಯಾವ ಸರ್ಕಾರದಲ್ಲಿದೆ, ಹೇಳಿ?

ಗಣರಾಜ್ಯಕ್ಕೆ ಸುಸು ಮಾತಿನಲ್ಲಿ ಏನೆನ್ನುವುದು
ಎಂದು ಮೇಷ್ಟ್ರು ಸಂತೆಯಲ್ಲಿ ಕೇಳುತ್ತ ಹೋದರು.
ಬಟ್ಟೆಗೆ ನೀಲಿ ಹಾಕುವ ಮಬಿಂಟಿ
ಮೊಣಕೈವರೆಗಿನ ನೀಲಿ ಕೊಡವಿ ಅಂದಳು:
'ಬಾವಿ ಎಲ್ಲರದು, ಸರಿ.
ಹಗ್ಗ ಯಾರದು ಕೇಳಿಕೊಂಡು ಬಾ.'
ಮೇಷ್ಟ್ರು ನಕ್ಕು, ಪುಸ್ತಕದಲ್ಲಿ ಬರೆದುಕೊಂಡರು.

ಮೂರು ವರ್ಷ ತುಂಬಿ, ಮೇಷ್ಟ್ರುಗಳು ಸಂಬಳ ಕೇಳಿದರು.
ಸಂಬಳ ಕೇಳುವುದಕ್ಕೆ ರೇಡಿಯೋ
ಬೇರೆ ಹೆಸರಿಟ್ಟಿತು: ಪಿತೂರಿ.
ಹೊಸ ಮೊಹರು ಬಂದದ್ದೂ ಅದೇ ವಾರ,
ಎಣ್ಣೆಕಾಗದದಲ್ಲಿ ಸುತ್ತಿ, ಫಳಫಳ.
ಜೊತೆಗೊಂದು ಚೀಟಿ, ಹನ್ನೊಂದು ಹೆಸರು.
ಇವರಿಗೆ ಬಂದದ್ದು, ಇವರು ಬರೆದದ್ದು
ಬೇರೆ ಚೀಲಕ್ಕೆ ಹಾಕತಕ್ಕದ್ದು.
ಏಳನೆಯದು: ಬಾಲ್ಡೆ, ಸಾಲಿಯು.

ಅಂದೇ ಸಂಜೆ ಕಿಂಡಿಯಲ್ಲಿ ಅವರ ಕೈ.
ತಾಯಿಗೆ ಬರೆದ ಕಾಗದ, ಲಾಬೆಗೆ.
'ತೂಕ ಹಾಕು ಮಾರಾಯ' ಅಂದರು.
ಡಬ್ಬಿಯಲ್ಲಿ ಒಂದೇ ಬೀಜ ಉಳಿದಿತ್ತು,
ಸುಕ್ಕಾಗಿ, ಹುಳ ಕೊರೆದು.
ತಕ್ಕಡಿ ಕಾಗದದ ಕಡೆಗೇ ಕೂತುಬಿಟ್ಟಿತು.

ಆಮೇಲೇನು ಮಾಡಿದೆ ಅಂತ ಮೊಮ್ಮಕ್ಕಳು ಕೇಳುತ್ತಾರೆ.
ಹಳೆ ಮೊಹರೊತ್ತಿ ರೈಲಿಗೆ ಹಾಕಿದೆ ಅನ್ನುತ್ತೇನೆ.
ಒಂದೊಂದು ದಿನ
ನನಗೂ ಹಾಗೇ ನೆನಪಾಗುತ್ತದೆ.

ಮೇಷ್ಟ್ರ ಮನೆಗೆ ಬೀಗ ಬಿತ್ತು. ಕೀಲಿಕೈ ಯಾರಲ್ಲಿತ್ತೋ.
ಮಬಿಂಟಿ ಮತ್ತೆ ನನ್ನ ಕಿಂಡಿಗೆ ಬರಲಿಲ್ಲ,
ಸ್ಟಾಂಪು ಬೇಕಾದರೆ ಹುಡುಗರನ್ನು ಕಳಿಸುತ್ತಿದ್ದಳು.
ಅವರು ಚಾಚಿದ ನಾಣ್ಯಕ್ಕೆ
ನೀಲಿ ಅಂಟಿರುತ್ತಿತ್ತು.

ಆ ಅರವನ್ನು ನಾನು ಷೆಡ್ಡಿಗೆ ಹಿಂದಿರುಗಿಸಲೇ ಇಲ್ಲ.
ಹಲ್ಲಿನ ಸಂದಿನಲ್ಲಿ ಹಿತ್ತಾಳೆಯ ಪುಡಿ ಇನ್ನೂ ಇದೆ,
ಬಿಸಿಲಿಗೆ ಹಿಡಿದರೆ ಮಿನುಗುತ್ತದೆ.
ಯಾವ ಕಣ ಯಜಮಾನರ ಹೆಸರಿನದು,
ಯಾವುದು ನಮ್ಮೂರಿನದು,
ಕನ್ನಡಕ ಹಾಕಿ ನೋಡಿದರೂ
ತಿಳಿಯುವುದಿಲ್ಲ.