ಬಿಚ್ಚಿದ ಸಾಲು

ಟಿರಾನಾ ಕಚೇರಿಯಿಂದ ಬಂದ ಹಾಳೆಯ ನೆತ್ತಿಯಲ್ಲೇ
ಅಚ್ಚಾಗಿತ್ತು: ಈ ನಾಡಿನ ಆತ್ಮಿಕ ಬಡತನ.
ಕೆಳಗೆ ಖಾಲಿ ಚೌಕಗಳು.
ಎಷ್ಟು ಪಾಠ, ಎಷ್ಟು ಮಂದಿ,
ಎಷ್ಟು ಜನ ಕೈ ಎತ್ತಿದರು.
ತೀರಾ ಕೊನೆಗೆ, ಸಣ್ಣ ಅಕ್ಷರದಲ್ಲಿ, ಬೇಕಾದದ್ದೇನು.

ನಾನು ಲುಲ್ಯೇತಾ. ಒಂಬತ್ತು ತಿಂಗಳು ಸತ್ಯವೇದ ಓದಿದವಳು.
ಅದಕ್ಕೂ ಮುಂಚೆ ಶಾಲೆಯಲ್ಲಿ
ದೇವರಿಲ್ಲವೆಂದು ಬರೆದು ಹತ್ತಕ್ಕೆ ಹತ್ತು ಪಡೆದವಳು.
ಹೇಸರಗತ್ತೆಯ ಮೇಲೆ ನಲವತ್ತು ಪುಸ್ತಕ,
ಬಟ್ಟೆಯಲ್ಲಿ ಕತ್ತರಿಸಿದ ದೋಣಿ, ಮೀನು, ಕುರಿಮರಿ.
ಉತ್ತರದ ಬೆಟ್ಟಗಳಲ್ಲಿ ಮಾರ್ಚಿನ ಕೊಳೆ ಹಿಮ.

ಊರಿನ ಇಗರ್ಜಿ ಇಪ್ಪತ್ನಾಲ್ಕು ವರ್ಷ
ಮೆಕ್ಕೆಜೋಳದ ಗೋದಾಮು.
ಪೀಠವಿದ್ದ ಜಾಗದಲ್ಲಿ ತಕ್ಕಡಿಯ ಕೊಕ್ಕೆ ಇನ್ನೂ ತೂಗುತ್ತಿದೆ.
ಹನ್ನೊಂದು ಮಂದಿ ಬಂದರು, ಮೂಟೆಗಳ ಮೇಲೆ ಕೂತರು,
ಗಂಡಸರು ಹೊಗೆಸೊಪ್ಪು ಸುತ್ತಿಕೊಂಡರು.

ಪ್ರಾರ್ಥನೆ ಎಂದರೇನು ಎಂದು ಶುರುಮಾಡಿದೆ,
ಎರಡು ವರ್ಷದ ಮಗುವಿಗೆ ಹೇಳುವ ದನಿಯಲ್ಲಿ.
ನೆನೆದರೆ ಈಗಲೂ ಕಿವಿ ಕಾಯುತ್ತದೆ.
ಬಾಗಿಲ ಬಳಿ ಹೆಣೆಯುತ್ತಿದ್ದ ಪ್ರೆಂಡಾ
ತಲೆಯೆತ್ತದೆ ಅಂದಳು:
"ಅದು ನನಗೆ ಬರುತ್ತೆ ಮಗಳೇ.
ಇಗೋ, ಈ ಕಾಲುಚೀಲದಲ್ಲಿದೆ."

ಒಂದು ಮಾತಿಗೆ ಒಂದು ಕುಣಿಕೆ.
ತಂದೆ ಎನ್ನುವಲ್ಲಿ ಕಪ್ಪು ಎಳೆ, ರೊಟ್ಟಿ ಎನ್ನುವಲ್ಲಿ ಬಿಳಿ.
ತುಟಿ ಆಡಿದರೆ ಗಂಡನಿಗೆ ತಾಮ್ರದ ಗಣಿ;
ಬೆರಳು ಆಡಿದರೆ ಯಾರು ಕೇಳಿಸಿಕೊಂಡಾರು?
ಸಹಕಾರಿ ಹೊಲದ ಲೆಕ್ಕಿಗ ಏನು ಗುನುಗುತ್ತೀ ಎಂದರೆ
ಎಣಿಸುತ್ತಿದ್ದೇನೆ ಅನ್ನುವಳಂತೆ. ಸುಳ್ಳೇನಲ್ಲ.
ಹೆಣಿಕೆಗೂ ಎಣಿಕೆಗೂ ನಡುವೆ
ಒಂದೇ ಒಂದು ಉಸಿರು.
ಆ ಉಸಿರಲ್ಲಿ ಅಡಗಿದ್ದ ದೇವರು, ಅಷ್ಟು ವರ್ಷ.
ಊರಿಗೆ ಊರೇ ಪ್ರಾರ್ಥನೆ ತೊಟ್ಟು ನಡೆಯಿತು, ಗೊತ್ತಿಲ್ಲದೆ.
ಪೊಲೀಸನೂ ಒಂದು ಜೊತೆ ಕೊಂಡುಕೊಂಡ.

ಬೆರಳಿಟ್ಟು ಓದಿದೆ, ಕುರುಡಿಯ ಹಾಗೆ.
ಹೆಸರು ಸರಿ. ರಾಜ್ಯ ಸರಿ. ರೊಟ್ಟಿ ಸರಿ.
ಹಿಮ್ಮಡಿಯ ತಿರುವಿನಲ್ಲಿ ನಿಂತೆ.
"ಅಜ್ಜೀ, ಇಲ್ಲೊಂದು ಸಾಲು ಮರೆತಿದ್ದೀರಿ.
ಕ್ಷಮಿಸುವ ಸಾಲು."

"ಮರೆತದ್ದಲ್ಲ. ಬಿಚ್ಚಿದ್ದು.
ಮೊದಲ ಚಳಿಗಾಲ ಅದನ್ನೂ ಹೆಣೆದೆ.
ಆಮೇಲೆ ತಿಳಿಯಿತು, ಪಾದ್ರಿಯನ್ನು ಹಿಡಿಸಿಕೊಟ್ಟವನು ಯಾರೆಂದು.
ಪಾದ್ರಿ ನನ್ನ ತಮ್ಮ.
ಅವನ ಗೋರಿ ಎಲ್ಲಿದೆಯೋ, ಹೇಳುವವರಿಲ್ಲ."

ಅವಳು ಒಲೆಯ ಕಡೆ ನೋಡಲಿಲ್ಲ.
ಇಡೀ ಗೋದಾಮೇ ಆ ಕಡೆ ನೋಡಲಿಲ್ಲ.
ಎಷ್ಟು ಎಚ್ಚರದಿಂದ ನೋಡಲಿಲ್ಲವೆಂದರೆ
ಟೋಪಿಯನ್ನು ಮಡಿಲಲ್ಲಿಟ್ಟು ಕೂತಿದ್ದ ಮುದುಕ ದೇದ
ತಾನೊಬ್ಬನೇ ಬಿಸಿಲಿಗೆ ಬಿದ್ದಂತಾದ.

ನನ್ನ ಪಾಠದ ಪುಸ್ತಕದಲ್ಲಿ ಆ ಸಾಲಿಗೆ
ಹದಿನೈದು ನಿಮಿಷ, ಒಂದು ಚಿತ್ರ, ಮೂರು ಪ್ರಶ್ನೆ.
ಹತ್ತಾರು ಊರಲ್ಲಿ ತಡವರಿಸದೆ ಕಲಿಸಿದ್ದೆ.
ನನ್ನಪ್ಪ ಯಾವುದೋ ಕಚೇರಿಯಲ್ಲಿ ಬೆರಳಚ್ಚುಗಾರ.
ಯಾವ ಕಚೇರಿ, ಯಾರ ಹೆಸರು ಕುಟ್ಟಿದ,
ನಾನು ಕೇಳಿಲ್ಲ, ಅವನು ಹೇಳಿಲ್ಲ.
ಆ ದಿನ ಮಾತ್ರ ನಾಲಿಗೆ ಅಂಗುಳಿಗೆ ಅಂಟಿತು.

ದೇದ ಎದ್ದ. ಹೊರಟ ಅಂದುಕೊಂಡೆವು.
ಒಲೆಗೊಂದು ಕೊರಡು ತುರುಕಿ ಮತ್ತೆ ಕೂತ.
ರಬ್ಬರ್ ಚಪ್ಪಲಿಯೊಳಗೆ ಅವನ ಪಾದ ಬರಿದು,
ಊರಲ್ಲಿ ಅವನದೊಂದೇ.

ಹೊತ್ತು ಕಳೆಯಿತು. ಯಾರೋ ಕೆಮ್ಮಿದರು.
ಪ್ರೆಂಡಾ ಕಡ್ಡಿಯ ತುದಿಯಿಂದ ತಲೆ ಕೆರೆದುಕೊಂಡು,
ಉಪ್ಪಿನ ಬೆಲೆ ವಿಚಾರಿಸುವವಳಂತೆ,
"ಎಷ್ಟು ಮಾತಿದ್ದವು ಆ ಸಾಲಲ್ಲಿ?
ಈಗ ನಿಜಕ್ಕೂ ಮರೆತಿದೆ."

ಬೆರಳು ಮಡಿಸಿ ಎಣಿಸಿದೆ, ಹೇಳಿದೆ.
"ಅಷ್ಟೊಂದಾ," ಅಂದಳು.
ಉಣ್ಣೆಯ ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿದಳು.
"ಸಾಲದು."

ರಾತ್ರಿ ಲಾಟೀನಿನ ಕೆಳಗೆ ಹಾಳೆ ತುಂಬಿದೆ.
ಪಾಠ: ಅರ್ಧ. ಮಂದಿ: ಹನ್ನೊಂದು.
ಕೈ ಎತ್ತಿದವರು: ಯಾರೂ ಇಲ್ಲ.
ಬೇಕಾದದ್ದು:
ಉಣ್ಣೆ. ಕಪ್ಪು. ಎರಡು ಉಂಡೆ.